ಹಿತ್ತಲ ಬಾಗಿಲಿಲ್ಲದ ಮನೆ

ನಾವು ನೋಡಿದ ಮನೆಗಳು ಒಟ್ಟು ಒಂಬತ್ತು. ಮುಧೋಳದಲ್ಲಿ ಮೂರು, ಬೀಳಗಿಯಲ್ಲಿ ಒಂದು, ಜಮಖಂಡಿಯಲ್ಲಿ ಐದು. ಮೊದಲನೆಯದನ್ನು ನೋಡಿದ್ದು ಜನವರಿ ಒಂಬತ್ತರಂದು, ಕೊನೆಯದನ್ನು ಏಪ್ರಿಲ್ ಇಪ್ಪತ್ತೇಳರಂದು. ನನ್ನ ದಿನಚರಿಯಲ್ಲಿ ಪ್ರತಿ ಮನೆಗೂ ಒಂದು ಪುಟ ಇದೆ: ಕೋಣೆ ಎಷ್ಟು, ನಳದ ನೀರು ಎಷ್ಟು ದಿನಕ್ಕೊಮ್ಮೆ, ಬಸ್ ನಿಲ್ದಾಣ ಎಷ್ಟು ದೂರ, ಗೋಡೆಯಲ್ಲಿ ಬಿರುಕು ಉಂಟೋ ಇಲ್ಲವೋ. ಪ್ರತಿ ಪುಟದ ಕೊನೆಯ ಸಾಲು ಅವ್ವನದು. ಒಂಬತ್ತು ಮನೆಗಳಲ್ಲೂ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಹಿತ್ತಲ ಬಾಗಿಲಾ ಎಲ್ಲೈತ್ರಿ?”

ನಾಲ್ಕು ಮನೆಗಳಿಗೆ ಇತ್ತು, ಐದಕ್ಕೆ ಇರಲಿಲ್ಲ. ಇದ್ದ ನಾಲ್ಕರಲ್ಲಿ ಎರಡು ನಮ್ಮ ಕೈಗೆ ಎಟುಕುವಂಥವಲ್ಲ. ಒಂದರ ಕಾಗದಪತ್ರ ಸರಿಯಿರಲಿಲ್ಲ. ಇನ್ನೊಂದು ಬೀಳಗಿಯದು. ನನ್ನ ನೌಕರಿ ಶುರುವಾದದ್ದು ಬೀಳಗಿಯ ಒಂದು ಸರಕಾರಿ ಶಾಲೆಯ ಕಚೇರಿಯಲ್ಲಿ, ಈಗ ವರ್ಗವಾಗಿ ಜಮಖಂಡಿಯಲ್ಲಿದ್ದೇನೆ. ಪರಿಚಯದವರು ಹೇಳಿದರೆಂದು ಆ ಮನೆಯನ್ನು ನೋಡಿ ಬಂದೆವೇ ಹೊರತು ದಿನಾಲೂ ಅಷ್ಟು ದೂರ ಓಡಾಡುವುದು ಆಗದ ಮಾತು.

ಕೊನೆಗೆ ಹಿಡಿಸಿದ್ದು ಜಮಖಂಡಿಯ ಹೊರವಲಯದ ಹೊಸ ಬಡಾವಣೆಯ ಮನೆ. ಒಂದೇ ಅಚ್ಚಿನ ಆರು ಮನೆಗಳ ಸಾಲು, ನಮ್ಮದು ನಾಲ್ಕನೆಯದು. ಎಡಬಲಕ್ಕೆ ಪಕ್ಕದವರ ಗೋಡೆ, ಹಿಂದೆ ಹಿಂದಿನ ಸಾಲಿನವರ ಗೋಡೆ. ಬಾಗಿಲು ಒಂದೇ, ಮುಂದಿನದು. ಅವ್ವ ಒಳಗೆ ಹೋದವಳೇ ನೇರವಾಗಿ ಅಡುಗೆಮನೆ ದಾಟಿ ಕೊನೆಯ ಗೋಡೆಯ ಮುಂದೆ ನಿಂತಳು, ಕೈಯಿಂದ ಅದನ್ನು ಮುಟ್ಟಿ ನೋಡಿದಳು.

“ಅಕ್ಕಾರ, ಈಗಿನ ಕಾಲದಾಗ ಹಿತ್ತಲ ಬಾಗಿಲಾ ಯಾರ ಇಡತಾರ್ರಿ?” ಎಂದ ಮನೆ ತೋರಿಸಲು ಬಂದ ಏಜೆಂಟ. “ಕಳ್ಳರಿಗೆ ನಾವ ದಾರಿ ಮಾಡಿ ಕೊಟ್ಟಂಗ.”

“ಕಳ್ಳರು ಮುಂದಿನ ಬಾಗಿಲದಾಗೂ ಬರತಾರಪಾ,” ಎಂದಳು ಅವ್ವ. “ಮನಿ ತೋರಸ್ತೇನಿ ಅಂತ ಹೇಳಿ.”

ಅವನು ನಕ್ಕ. ನಾನೂ ನಕ್ಕೆ. ಅವ್ವ ನಗಲಿಲ್ಲ. ಆದರೂ ಬೇಡ ಅನ್ನಲಿಲ್ಲ. “ನಿನಗ ಹತ್ತರ ಆಕೈತಿ. ತಗೊಂಬಿಡು,” ಎಂದಳು. ಆ ಪುಟದ ಕೊನೆಯ ಸಾಲಿನಲ್ಲಿ ನಾನು ಬರೆದುಕೊಂಡೆ: ಹಿತ್ತಲ ಬಾಗಿಲಿಲ್ಲ. ಅವ್ವ ಒಪ್ಪಿದಳು.

ಅವಳ ಪ್ರಶ್ನೆ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಬನಹಟ್ಟಿಯ ನಮ್ಮ ಬಾಡಿಗೆ ಮನೆಯಲ್ಲಿ ಮುಂದಿನ ಕೋಣೆಯ ತುಂಬ ಕುಣಿಮಗ್ಗವೇ ಇತ್ತು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ನೇಯುತ್ತಿದ್ದ. ಅವನು ಊರು ಬಿಟ್ಟ ಮೇಲೆ ಅವ್ವ. ಒಂದು ಹಾಸು, ಅಂದರೆ ಮಗ್ಗಕ್ಕೇರಿಸಿದ ಉದ್ದೆಳೆಗಳು, ನೇಯ್ದು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಹಾಸಿನ ಒಂದೊಂದು ಎಳೆಗೆ ಬೆರಳಲ್ಲಿ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಂಡು, ಸಾವಿರಾರು ಎಳೆಗಳನ್ನು ಕ್ರಮ ತಪ್ಪದಂತೆ. ಒಂದು ಎಳೆ ಆಚೀಚೆ ಆದರೆ ಅಲ್ಲಿಂದ ಮುಂದಿನದೆಲ್ಲ ಆಚೀಚೆ. ಅದಕ್ಕೇ ಕೆಚ್ಚಲು ಕುಳಿತವರನ್ನು ಯಾರೂ ಕರೆಯಬಾರದು, ನಡುವೆ ಎಬ್ಬಿಸಬಾರದು.

ಯಾರೂ ಕರೆಯದಿರಲಿ ಎಂದು ಅಪ್ಪ ಒಂದು ಉಪಾಯ ಮಾಡಿದ್ದ. ಅವ್ವ ಕೆಚ್ಚಲು ಕುಳಿತ ದಿನ ಮುಂದಿನ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿಬಿಡುವುದು. ನೋಡಿದವರು ಮನೆಯಲ್ಲಿ ಯಾರೂ ಇಲ್ಲ ಎಂದು ಹೋಗುತ್ತಾರೆ. ಮನೆಯವರು ಸುತ್ತು ಹಾಕಿ, ಸದಾ ತೆರೆದಿರುತ್ತಿದ್ದ ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಬರಬೇಕು. ಹಿತ್ತಲ ಬಾಗಿಲಿನ ಗುಟ್ಟು ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಶಾಲೆಯಿಂದ ಬಂದಾಗ ಬಾಗಿಲಲ್ಲಿ ಕೀಲಿ ಕಂಡರೆ ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದೆ.

ಆ ಕೀಲಿಗೆ ಮೂರು ಕೀಲಿಕೈ. ಒಂದು ಅವ್ವನ ಸೊಂಟದಲ್ಲಿ, ಒಂದು ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ, ಒಂದು ಅಪ್ಪನ ಉಡಿದಾರದಲ್ಲಿ. ಏಳನೆಯ ಇಯತ್ತೆಯಲ್ಲಿ ನಾನು ದಿನಚರಿ ಬರೆಯಲು ಶುರು ಮಾಡಿದಾಗ ಮೊದಲ ಪುಟದಲ್ಲಿ ಮನೆಯ ವಸ್ತುಗಳ ಪಟ್ಟಿ ಮಾಡಿದೆ. ಕೊಡ ನಾಲ್ಕು, ಗಡಿಯಾರ ಒಂದು, ಕೀಲಿಕೈ ಮೂರು. ಕೀಲಿಕೈಗಳ ಮೇಲೆ ಒತ್ತಿದ್ದ ಐದಂಕಿಯ ಸಂಖ್ಯೆಯನ್ನೂ ಬರೆದುಕೊಂಡೆ. ಮೂರರ ಮೇಲೂ ಒಂದೇ ಸಂಖ್ಯೆ. ಆ ಪಟ್ಟಿಯನ್ನು ಪ್ರತಿ ಯುಗಾದಿಗೆ ಹೊಸದಾಗಿ ಬರೆಯುವುದು ರೂಢಿಯಾಯಿತು; ನೌಕರಿ ಸಿಕ್ಕು ಬೀಳಗಿಗೆ ಹೋಗುವವರೆಗೂ ನಡೆಯಿತು.

ಅಪ್ಪನಿಗೆ ಒಂದು ಅಭ್ಯಾಸವಿತ್ತು. ಕೀಲಿ ತೆಗೆಯುವ ಮುಂಚೆ ಅದನ್ನು ಎತ್ತಿ ಎರಡು ಸಲ ಕದಕ್ಕೆ ಬಡಿಯುತ್ತಿದ್ದ, ಒಳಗೆ ಸೇರಿದ ನೂಲಿನ ಧೂಳು ಉದುರಲೆಂದು. ಟಕ್ ಟಕ್. ಆ ಸದ್ದಿನಿಂದಲೇ ಬಂದದ್ದು ಅಪ್ಪ ಎಂದು ಗೊತ್ತಾಗುತ್ತಿತ್ತು.

ಸೀರೆಯ ಕೆಲಸ ಕಡಿಮೆಯಾದಾಗ ಅವನು ವಿದ್ಯುತ್ ಮಗ್ಗ ನಡೆಸಲು ಮಹಾರಾಷ್ಟ್ರದ ಇಚಲಕರಂಜಿಗೆ ಹೋದ. ಎಂಟು ವರ್ಷವಾಯಿತು. ಮೊದಲ ವರ್ಷ ಏಳು ಸಲ ಬಂದ, ಎರಡನೆಯ ವರ್ಷ ಎರಡು ಸಲ. ಮೂರನೆಯ ವರ್ಷದ ಕೊನೆಯ ಪುಟದಲ್ಲಿ ‘ಅಪ್ಪ ಬಂದದ್ದು’ ಎಂಬುದರ ಮುಂದೆ ಸೊನ್ನೆ ಇದೆ, ಅಲ್ಲಿಂದೀಚೆಗೂ ಸೊನ್ನೆಯೇ. ಫೋನು ಮೊದಲು ಎತ್ತುತ್ತಿರಲಿಲ್ಲ. ಆಮೇಲೆ ಆ ನಂಬರು ಬೇರೆ ಯಾರದೋ ಆಯಿತು. ಅಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ ಎಂದು ಕೆಲವರು, ಕುಡಿತಕ್ಕೆ ಬಿದ್ದಿದ್ದಾನೆ ಎಂದು ಕೆಲವರು. ನನಗೆ ಖಚಿತವಿಲ್ಲದ್ದನ್ನು ಬರೆಯುವ ಅಭ್ಯಾಸವಿಲ್ಲ.

ಖಚಿತವಾಗಿದ್ದದ್ದು ಇಷ್ಟು. ಮೂರನೆಯ ಕೀಲಿಕೈ ಅವನ ಹತ್ತಿರ ಇದೆ, ಅವ್ವ ಆ ಮನೆ ಬಿಡಲು ಒಪ್ಪುತ್ತಿಲ್ಲ. ಬೀಳಗಿಯಲ್ಲಿ ರೂಮು ಮಾಡಿದಾಗ ಕರೆದೆ, ಬರಲಿಲ್ಲ. ಜಮಖಂಡಿಗೆ ಬಂದ ಮೇಲೆ ಕರೆದೆ, ಬರಲಿಲ್ಲ. ಬಾಗಿಲ ಹತ್ತಿರ ಏನಾದರೂ ಸದ್ದಾದರೆ ಅವಳ ಕೈ ನಿಲ್ಲುತ್ತಿತ್ತು. ಒಂದು ಭಾನುವಾರ ಕುಳಿತು ಎಣಿಸಿದೆ, ಹನ್ನೊಂದು ಸಲ ನಿಂತಿತು. ಕಾಯುತ್ತಿದ್ದಾಳೆ ಎಂದುಕೊಂಡೆ. ಅವಳ ಕಣ್ಣು ಮಂಜಾಗಿ ಎಳೆ ಕಾಣದಂತಾದ ಮೇಲಷ್ಟೇ ಬರಲು ಒಪ್ಪಿದಳು. ಹೊಸ ಮನೆಗೆ ಕೀಲಿಕೈಯೇ ಇಲ್ಲದ ಕೀಲಿ ಹಾಕಿಸಬೇಕೆಂದು ನಾನು ಆಗಲೇ ನಿಶ್ಚಯಿಸಿಬಿಟ್ಟಿದ್ದೆ. ಕಚೇರಿಯಲ್ಲಿ ಕೇಳಿದವರಿಗೆ ಅನುಕೂಲಕ್ಕೆ ಎಂದು ಹೇಳಿದೆ. ನಿಜವಾದ ಕಾರಣ ದಿನಚರಿಯಲ್ಲಿದೆ: ಕೀಲಿಕೈಗಳೇ ಇಲ್ಲದ ಮನೆಯಲ್ಲಿ ಮೂರನೆಯದು ಎಂಬುದೂ ಇರುವುದಿಲ್ಲ. ಅವ್ವ ಕಾಯುವುದು ನಿಲ್ಲುತ್ತದೆ.

ಜೂನ್ ಹದಿನೈದರಂದು ಅವ್ವನನ್ನು ಜಮಖಂಡಿಯ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ನಲ್ಲಿ, ತಿರುಪು, ಬಣ್ಣ ಎಲ್ಲ ಮಾರುವ ಅಂಗಡಿ. ಒಳಗಿನ ಗೋಡೆಗೆ ಹೊಸ ನಮೂನೆಯ ಕೀಲಿಗಳನ್ನು ಹಲಗೆಗೆ ಬಡಿದು ಇಟ್ಟಿದ್ದರು. ಬೆರಳು ಇಟ್ಟರೆ ತೆರೆಯುವುದು, ಸಂಖ್ಯೆ ಒತ್ತಿದರೆ ತೆರೆಯುವುದು, ಎರಡೂ ಇರುವುದು. ಅಂಗಡಿಯವನಿಗೆ ಮಾತಿನ ಚಪಲ.

“ಹೆಬ್ಬಟ್ಟ ಇಡ್ರಿ ಅಕ್ಕಾರ. ಇಟ್ರ ಸಾಕ, ನಿಮ್ಮನ್ನ ಮನಿನ ಗುರ್ತ ಹಿಡೀತೈತಿ.”

ಅವ್ವ ಹೆಬ್ಬೆರಳನ್ನು ಮೂರು ಸಲ, ತೋರುಬೆರಳನ್ನು ಎರಡು ಸಲ ಇಟ್ಟಳು. ಐದು ಸಲವೂ ಕೆಂಪು ದೀಪ.

“ಒರಸ್ಕೊಂಡು ಇಡ್ರಿ, ಎಣ್ಣಿಗಿಣ್ಣಿ ಹತ್ತಿರಬೇಕ.”

“ಎಣ್ಣಿ ಅಲ್ಲಪಾ, ಬೂದಿ ತಿಂದೈತಿ. ರೇಶನ್ ಅಂಗಡ್ಯಾಗೂ ಹಿಂಗ. ನೀ ನೀನಲ್ಲ ಅಂತ ಹೇಳಿ ಹೊರಗ ಹಾಕತೈತಿ.”

“ಹಂಗಾರ ನಂಬರಿಂದು ನೋಡ್ರಿ. ಆರು ಅಂಕಿ. ಚಾವಿ ಇಲ್ಲ, ಕಳಕೊಳ್ಳೂ ಚಿಂತಿ ಇಲ್ಲ. ಬಾಗಿಲಾ ಮುಚ್ಚಿದ್ರ ತಾನ ಕೀಲಿ ಬೀಳತೈತಿ.”

“ನಾವು ಹಾಕೋದ ಬ್ಯಾಡೇನು?”

“ಬ್ಯಾಡ್ರಿ. ನೀವು ಮರತ್ರೂ ಅದು ಮರಿಯಂಗಿಲ್ಲ.” ಅವನು ತನ್ನ ಫೋನನ್ನು ನನ್ನ ಮುಂದೆ ಹಿಡಿದ. “ಇಲ್ಲಿ ನೋಡ್ರಿ ಮೇಡಂ. ಯಾರ ತಗದ್ರು, ಎಷ್ಟೊತ್ತಿಗೆ ತಗದ್ರು, ಎಲ್ಲಾ ಬರದಿಡತೈತಿ.”

ದಿನಾಂಕ, ಗಂಟೆ, ನಿಮಿಷ, ಸಾಲು ಸಾಲಾಗಿ. ದಿನಚರಿ ಬರೆಯುವ ಕೀಲಿ! ನನಗೆ ಎಷ್ಟು ಹಿಡಿಸಿತೆಂದರೆ ಅಲ್ಲಿಯೇ ನಿಂತು ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೂ ಓದಿದೆ. ಅವ್ವ ನನ್ನ ಭುಜದ ಹಿಂದಿನಿಂದ ಕೇಳಿದಳು.

“ಯಾರರ ಬಂದು, ತಗಿಯಾಕ ಬರಲಾರದ ಹೊಳ್ಳಿ ಹ್ವಾದ್ರ, ಅದನ್ನೂ ಬರೀತೈತೇನು?”

“ಅದನ್ನ ಮುದ್ದಾಂ ಬರೀತೈತ್ರಿ,” ಎಂದ ಅಂಗಡಿಯವನು ಉತ್ಸಾಹದಿಂದ. “ತಪ್ಪ ನಂಬರ್ ಒತ್ತಿದ್ರ ಸಾಕ, ಕೆಂಪ ಅಕ್ಷರದಾಗ ಬಂದಬಿಡತೈತಿ. ಯಾರೂ ಮುಚ್ಚಿಡಾಕ ಆಗಂಗಿಲ್ಲ.”

ಅವ್ವ ಸೆರಗು ಸರಿಮಾಡಿಕೊಂಡು ಅಂಗಡಿಯ ಮೆಟ್ಟಿಲು ಇಳಿದಳು. “ನಮಗ ಬ್ಯಾಡ ಇದು,” ಎಂದಳು, ತಿರುಗಿ ನೋಡದೆ.

ಬನಹಟ್ಟಿಯ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತೆವು. ಕಬ್ಬಿನ ಹೊಲಗಳು ಮುಗಿದವು. ನಾನೇ ಮಾತು ತೆಗೆದೆ.

“ಅವ ಬರಂಗಿಲ್ಲಬೇ. ಆ ಮೂರನೇ ಚಾವಿ ಸಂಬಂಧ ಇನ್ನೂ ಎಷ್ಟ ದಿನಾ ಕುಂಡ್ರತಿ?”

“ಮೆಲ್ಲಕ ಮಾತಾಡು. ಮಂದಿ ಅದಾರ.”

“ಹೊಸಾ ಮನಿಗೂ ಚಾವಿ ಕೀಲಿನ ಹಾಕಸೂಣೇನು? ಒಂದ ಚಾವಿ ಅಲ್ಲಿಗಿ ಕಳಸೂಣೇನು ಟಪಾಲಿನ್ಯಾಗ?”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಸ್ಸಿನಿಂದ ಇಳಿಯುವಾಗ ಅವಳ ಕೈ ಹಿಡಿಯಲು ಹೋದೆ. ಕಂಬಿ ಹಿಡಿದುಕೊಂಡು ತಾನೇ ಇಳಿದಳು.

ಮನೆ ಖಾಲಿ ಮಾಡುವ ಕೆಲಸ ಜುಲೈ ಮೊದಲ ವಾರ ಶುರುವಾಯಿತು. ಮಗ್ಗವನ್ನು ಬಿಚ್ಚಿ ಓಣಿಯವರೊಬ್ಬರಿಗೆ ಕೊಟ್ಟೆವು. ಮನೆಯ ಮಾಲೀಕರು ಕುಣಿ ಮುಚ್ಚಿಸಿ ಕೊಡಿ ಎಂದಿದ್ದರು. ಹನ್ನೆರಡು ಬುಟ್ಟಿ ಮಣ್ಣು ಹಿಡಿಯಿತು. ತುಳಿದು ತುಳಿದು ಸಪಾಟು ಮಾಡಿದರೂ ಹೊಸ ಮಣ್ಣಿನ ಬಣ್ಣ ಬೇರೆಯಾಗಿಯೇ ಉಳಿಯಿತು. ಅವ್ವ ಅದನ್ನು ದಾಟುವಾಗ ಸುತ್ತಿಕೊಂಡು ಹೋಗುತ್ತಿದ್ದಳು, ಅಲ್ಲಿ ಇನ್ನೂ ತಗ್ಗು ಇದೆ ಎನ್ನುವ ಹಾಗೆ.

ಜುಲೈ ಆರು, ಮಧ್ಯಾಹ್ನ. ಸಾಗಿಸುವ ಸಾಮಾನಿನ ಪಟ್ಟಿ ಮಾಡುತ್ತಿದ್ದೆ. ಮೊದಲ ದಿನಚರಿಯ ಮೊದಲ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಯಾವುದು ಉಳಿದಿದೆ, ಯಾವುದು ಹೋಯಿತು ಎಂದು ಗುರುತು ಹಾಕುವುದು. ಕೊಡ ನಾಲ್ಕರಲ್ಲಿ ಎರಡು ಉಳಿದಿದ್ದವು. ಗಡಿಯಾರ ನಿಂತಿತ್ತು. ಕೀಲಿಕೈ ಮೂರು ಎಂಬಲ್ಲಿಗೆ ಬಂದೆ. ಅವ್ವನದೂ ನನ್ನದೂ ಪಕ್ಕಪಕ್ಕ ಇಟ್ಟು ಸಂಖ್ಯೆ ನೋಡಿದೆ. ಎರಡರ ಸಂಖ್ಯೆಯೂ ಒಂದೇ. ಪುಟದಲ್ಲಿದ್ದ ಸಂಖ್ಯೆ ಬೇರೆ.

ಸಣ್ಣವಳಿದ್ದಾಗ ತಪ್ಪು ಬರೆದಿರಬೇಕು ಎಂದುಕೊಂಡು ಮುಂದಿನ ವರ್ಷದ ಪಟ್ಟಿ ತೆಗೆದೆ. ಅದರ ಮುಂದಿನದನ್ನೂ ತೆಗೆದೆ. ಬೀಳಗಿಗೆ ಹೋಗುವವರೆಗಿನ ಎಲ್ಲ ಪಟ್ಟಿಗಳಲ್ಲೂ ಅದೇ ಹಳೆಯ ಸಂಖ್ಯೆ ಇತ್ತು. ಎದ್ದು ಹೋಗಿ ಬಾಗಿಲಲ್ಲಿ ನೇತಾಡುತ್ತಿದ್ದ ಕೀಲಿಯನ್ನು ನೋಡಿದೆ. ಅದೇ ಗಾತ್ರ, ಅದೇ ಹಿತ್ತಾಳೆ, ಅದೇ ಆಕಾರ. ಆದರೆ ಅದಲ್ಲ.

“ಅವ್ವಾ, ಈ ಕೀಲಿ ಯಾವಾಗ ಬದಲಿ ಮಾಡಿದಿ?”

ಹಳೆಯ ಸೀರೆಯಲ್ಲಿ ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದ ಅವ್ವ ತಲೆ ಎತ್ತಲಿಲ್ಲ. ಸುಳ್ಳನ್ನೂ ಹೇಳಲಿಲ್ಲ.

“ನೀ ಬೀಳಗ್ಯಾಗ ಇದ್ದಿ ಆವಾಗ. ಐದ ವರ್ಷಾತು.”

“ಯಾಕ?”

“ಒಂದ ಸಂತಿ ದಿನಾ ನಿಮ್ಮಪ್ಪ ಊರಿಗೆ ಬಂದಿದ್ದ. ಓಣಿ ಮಂದಿ ನೋಡ್ಯಾರ. ಬಸ್‌ಸ್ಟ್ಯಾಂಡಿನ ಮುಂದ ಚಾ ಕುಡದು, ಹಂಗ ಹೊಳ್ಳಿ ಹ್ವಾದ. ಊರತನಕ ಬಂದಾವ ಮನಿತನಕ ಬರಲಿಲ್ಲ. ಮರುದಿನಾನ ಹೋಗಿ ಕೀಲಿ ತಂದೆ. ಅದರಂಥಾದ್ದ ನೋಡಿ ತಂದೆ, ಯಾರಿಗೂ ಗುರ್ತ ಹತ್ತಬಾರದು ಅಂತ.”

“ನನ್ನ ಚಾವಿ?”

“ನೀ ಸುಟಿಗಿ ಬಂದಿದ್ದಿ. ಜಳಕಾ ಮಾಡಾಕ ಹೋದಾಗ ನಿನ್ನ ಗೊಂಚಲದಾಗಿಂದು ತಗದು ಬ್ಯಾರೇದು ಹಾಕಿದೆ.”

ನಾನು ಅಲ್ಲಿಯೇ ಕುಳಿತೆ. ಐದು ವರ್ಷಗಳಿಂದ ನಾನು ಎಣಿಸಿದ ಮೂರು ಕೀಲಿಕೈಗಳಲ್ಲಿ ಒಂದು ಈ ಬಾಗಿಲಿನದೇ ಆಗಿರಲಿಲ್ಲ.

“ಅವ ಬರಬಾರದು ಅಂತ ಹಾಕಿದ್ಯಾ?”

“ಬರಬಾರದು ಅಂತ ಅಲ್ಲ.” ಅವ್ವ ಗಂಟನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿದಳು. “ಬರತಾನ, ಚಾವಿ ಹಾಕಿ ನೋಡತಾನ, ಹತ್ತಂಗಿಲ್ಲ. ಆವಾಗ ಕೂಗಬೇಕಲ್ಲ? ಬಾಗಿಲಾ ತಗೀ ಅಂತ ಅನಬೇಕಲ್ಲ? ಎಲ್ಲಿದ್ದಿ ಇಷ್ಟದಿನಾ ಅಂತ ಆವಾಗ ಕೇಳೂಣು ಅನ್ಕೊಂಡಿದ್ದೆ.”

“ಬಂದಿದ್ದನೇನು?”

ಹೊರಗೆ ಯಾರದೋ ಮನೆಯ ವಿದ್ಯುತ್ ಮಗ್ಗ ಒಂದೇ ಸಮ ಬಡಿದುಕೊಳ್ಳುತ್ತಿತ್ತು.

“ಅದ ವರ್ಷ, ಪಂಚಮಿಗಿ ಇನ್ನ ಎರಡ ದಿನಾ ಇತ್ತು,” ಎಂದಳು. “ನಾ ಹಾಸ ಕೆಚ್ಚಾಕ ಕುಂತಿದ್ದೆ.”

ಮುಂದಿನದನ್ನು ಅವಳು ತುಂಡು ತುಂಡಾಗಿ ಹೇಳಿದಳು, ನಾನು ಕೇಳಿದ ಹಾಗೆಲ್ಲ. ಎಂದಿನಂತೆ ಮುಂದಿನ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿ, ಹಿತ್ತಲಿನಿಂದ ಒಳಗೆ ಬಂದು ಕುಳಿತಿದ್ದಳು. ಅರ್ಧ ಹಾಸು ಮುಗಿದಿತ್ತು. ಆಗ ಟಕ್ ಟಕ್ ಎಂದು ಕೀಲಿ ಕದಕ್ಕೆ ಬಡಿದದ್ದು ಕೇಳಿಸಿತು. ಆಮೇಲೆ ಕೀಲಿಕೈ ಒಳಗೆ ಹೋದ ಸದ್ದು, ತಿರುಗದ ಸದ್ದು. ತೆಗೆದು, ಊದಿ, ಮತ್ತೆ ಹಾಕಿದ ಸದ್ದು. ಕದದ ಕೆಳಗಿನ ಸಂದಿನಲ್ಲಿ ಎರಡು ಕಾಲು ಕಾಣುತ್ತಿದ್ದವು. ಪಕ್ಕದಲ್ಲಿ ನೆಲಕ್ಕಿಟ್ಟ ಒಂದು ಚೀಲ.

“ಕೂಗಲಿಲ್ಲೇನು ಅವ?”

“ಕೆಚ್ಚಾಗ ಯಾರರ ಕೂಗತಾರೇನು? ಆ ನೇಮಾ ಮಾಡಿದಾಂವ ಅವನ. ಹಗಲೊತ್ತಿನ್ಯಾಗ ಕೀಲಿ ಐತಿ, ಮಗ್ಗದ ಸಪ್ಪಳಿಲ್ಲ. ಒಳಗ ನಾ ಕುಂತೇನಿ ಅಂತ ಅವಗ ಖರೇನ ಗೊತ್ತಾಗಿತ್ತು.”

“ಹಂಗಾರ ಹಿತ್ತಲಕ ಬರಬೇಕಿತ್ತಲ್ಲ.”

“ಬರಬೇಕಿತ್ತು. ಬಾಗಿಲಾ ತಗದ ಇತ್ತು. ಅದೂ ಗೊತ್ತಿತ್ತ ಅವಗ.”

“ನೀನರ ಏಳಬೇಕಿತ್ತಲ್ಲಬೇ!”

ಅವ್ವ ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದಳು, ಈಗಲೂ ಏನನ್ನೋ ಹಿಡಿದುಕೊಂಡಿರುವಂತೆ ಹೆಬ್ಬೆರಳು ತೋರುಬೆರಳು ಕೂಡಿಸಿ. “ಕೈಯಾಗ ಎಳಿ ಇದ್ದುವು,” ಎಂದಳು.

ಅಂಥ ಹೊತ್ತಿನಲ್ಲೂ ನಾನು ಕೇಳಿದ್ದು ಲೆಕ್ಕವನ್ನೇ. “ಎಷ್ಟೊತ್ತ ನಿಂತಿದ್ದ?”

“ನೂರಾ ನಲವತ್ತ ಎಳಿ. ಆಮ್ಯಾಲ ಚೀಲಾ ಎತ್ಕೊಂಡಾ.” ಕೈಗಳನ್ನು ಕೆಳಗಿಳಿಸಿ ಹೇಳಿದಳು: “ಆ ನೂರಾ ನಲವತ್ತೂ ಸರಿ ಕೂಡಿರಲಿಲ್ಲ. ಮರುದಿನಾ ಹೊಳ್ಳಿ ಕೆಚ್ಚಿದೆ.”

ಅವ್ವ ನಿಮಿಷಕ್ಕೆ ಹದಿನೈದು ಹದಿನಾರು ಎಳೆ ಕೆಚ್ಚುತ್ತಿದ್ದಳು. ಒಂಬತ್ತು ನಿಮಿಷ. ಒಂಬತ್ತು ನಿಮಿಷ ಅವರಿಬ್ಬರೂ ಒಂದು ಕದದ ಆಚೆ ಈಚೆ ಇದ್ದರು, ಇಬ್ಬರಿಗೂ ಇನ್ನೊಬ್ಬರು ಇರುವುದು ಗೊತ್ತಿತ್ತು, ತೆರೆದ ಬಾಗಿಲು ಹಿತ್ತಲಲ್ಲಿತ್ತು.

“ಅದಕ್ಕ ಎಲ್ಲಾ ಮನ್ಯಾಗೂ ಹಿತ್ತಲ ಬಾಗಿಲಾ ಕೇಳತಿದ್ದೇನು?”

“ಇದ್ರ ಒಂದ ಮಾತ ಆಕೈತಿ,” ಎಂದಳು. “ತಗದ ಇಟ್ಟಿದ್ದೆ, ಅವ ಬರಲಿಲ್ಲ ಅಂತ ಅನ್ಕೊಂತ ಇರಬಹುದು. ಒಂದ ಬಾಗಿಲಾ ಅಂದ್ರ ಎಲ್ಲಾ ತಪ್ಪ ನಂದ ಆತಲ್ಲ.”

ಆ ವರ್ಷದ ದಿನಚರಿಯನ್ನು ಗಂಟಿನಿಂದ ಹುಡುಕಿ ತೆಗೆದೆ. ಪಂಚಮಿಗೆ ಎರಡು ದಿನ ಮುಂಚಿನ ಪುಟ. ಬೀಳಗಿಯ ರೂಮಿನಲ್ಲಿ ಕುಳಿತು ಬರೆದದ್ದು: ‘ಶಾಲೆಯಲ್ಲಿ ಹಾಜರಿ ಕಡಿಮೆ. ಸಂಜೆ ಅವ್ವನಿಗೆ ಫೋನ್. ಹಾಸು ಇವತ್ತು ಮುಗಿಯಲಿಲ್ಲವಂತೆ. ತಲೆನೋವಂತೆ. ನಾಡಿದ್ದು ಊರಿಗೆ.’ ನಾಡಿದ್ದು ನಾನೂ ಊರಿಗೆ ಬರುವವಳಿದ್ದೆ. ಅಪ್ಪನಿಗೆ ಅದು ಗೊತ್ತಿದ್ದಿರಬೇಕು. ಪಂಚಮಿಗೆ ನಾನು ಎಂದೂ ತಪ್ಪಿಸಿದವಳಲ್ಲ. ಆ ಚೀಲದಲ್ಲಿ ಏನಿತ್ತು ಎಂದು ಯೋಚಿಸಿದೆ, ಯೋಚಿಸುವುದನ್ನು ಬಿಟ್ಟೆ.

ವರ್ಷದ ಕೊನೆಯ ಪುಟ ತೆರೆದೆ. ‘ಅಪ್ಪ ಬಂದದ್ದು’ ಎಂಬುದರ ಮುಂದಿನ ಸೊನ್ನೆಯನ್ನು ತಿದ್ದಬೇಕೆಂದು ಪೆನ್ನು ಹಿಡಿದೆ. ಇದನ್ನು ಬಂದದ್ದು ಎಂದು ಎಣಿಸಬೇಕೋ ಬೇಡವೋ ತಿಳಿಯಲಿಲ್ಲ. ಹಾಗೆಯೇ ಮುಚ್ಚಿಟ್ಟೆ.

ನನಗೆ ಅವ್ವನ ಮೇಲೆ ಸಿಟ್ಟು ಬಂದಿತ್ತು. ಅದನ್ನು ಇಲ್ಲಿ ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ. ಅವನು ಬರುವುದಿಲ್ಲ ಎಂದು ನಾನು ಬಸ್ಸಿನಲ್ಲಿ ಅವಳಿಗೆ ಬುದ್ಧಿ ಹೇಳಿದ್ದೆ. ಅವನು ಬಂದಿದ್ದ ಎಂದು ಅವಳು ಐದು ವರ್ಷ ನನಗೆ ಹೇಳಿರಲಿಲ್ಲ. ಮುಂದಿನ ಎರಡು ದಿನ ನಾವು ಆಡಿದ್ದು ಹದಿನೇಳು ಮಾತು. ಊಟಕ್ಕೆ ಬಾ, ಹಗ್ಗ ಎಲ್ಲಿ, ಆ ಡಬ್ಬಿ ಮೇಲಿಡು, ಅಂಥವು.

ಮೂರನೆಯ ದಿನ ಬೆಳಿಗ್ಗೆ ಚಹದ ಬಟ್ಟಲನ್ನು ನನ್ನ ಮುಂದಿಟ್ಟು ಅವ್ವ ಹೇಳಿದಳು.

“ಆ ಬರಿಯೋ ಕೀಲಿನ ಹಾಕಸು.”

“ಬ್ಯಾಡ ಅಂದಿದ್ದೆಲ್ಲ?”

“ಅಂದಿದ್ದೆ. ಈಗ ಹಾಕಸು. ನಾ ಒಳಗ ಸುಮ್ಮನ ಕುಂತ್ರೂ ಅದು ನಿನಗ ಹೇಳತೈತಲ್ಲ.”

ಜುಲೈ ಹನ್ನೊಂದರಂದು ಕೀಲಿ ಕೂಡಿಸಿದರು. ಅಂಗಡಿಯವನೇ ಬಂದಿದ್ದ. ಬಾಗಿಲಿಗೆ ಕೊರೆದ ರಂಧ್ರದಿಂದ ಉದುರಿದ ಕಟ್ಟಿಗೆಯ ಪುಡಿಯನ್ನು ಅವ್ವ ಸೆರಗಿನಿಂದಲೇ ಒರೆಸಿದಳು. “ಹೂಂ, ಈಗ ಸಂಖ್ಯೆ ಒತ್ರಿ. ನೆನಪಿರೂ ಅಂಥಾದ್ದು ಇಡ್ರಿ. ಹುಟ್ಟಿದ ತಾರೀಖ ಇಡಬ್ಯಾಡ್ರಿ, ಎಲ್ಲಾರೂ ಅದನ್ನ ಇಡತಾರ,” ಎಂದ. ಅವನಿಗೆ ಕಾಣದಂತೆ ನಾವೇ ಒತ್ತಬೇಕಂತೆ. ಅವನು ಅಂಗಳಕ್ಕೆ ಹೋಗಿ ನಿಂತ.

ನಾನು ಒಂದೆರಡು ಸಂಖ್ಯೆಗಳನ್ನು ಯೋಚಿಸಿಟ್ಟಿದ್ದೆ. ಅವ್ವ ಹೇಳಿದಳು: “ನಿನ್ನ ಹಳೇ ಪುಸ್ತಕದಾಗ ಐತೆಲ್ಲ, ನಿಮ್ಮಪ್ಪನ ಚಾವಿ ಮ್ಯಾಲಿನ ನಂಬರು. ಅದನ್ನ ಇಡು.”

“ಅದು ಐದ ಅಂಕಿ ಐತಿ. ಇದಕ್ಕ ಆರು ಬೇಕು.”

“ಒಂದ ಸೊನ್ನಿ ಕೂಡಸು.”

“ಆ ಸೊನ್ನಿ ಅಪ್ಪಗ ಹ್ಯಾಂಗ ಗೊತ್ತಾಗಬೇಕು?”

ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು. ಈ ಮನೆ ಎಲ್ಲಿದೆ ಎಂಬುದೇ ಅವನಿಗೆ ಗೊತ್ತಿಲ್ಲ. ಸೊನ್ನೆಯನ್ನು ಕೂಡಿಸಿದೆ, ಎಲ್ಲಿ ಎಂದು ಬರೆಯುವುದಿಲ್ಲ. ಹಸಿರು ದೀಪ ಹತ್ತಿತು.

ಬನಹಟ್ಟಿಯ ಮನೆಯ ಕೀಲಿಯನ್ನೂ ಎರಡು ಕೀಲಿಕೈಗಳನ್ನೂ ಮಾಲೀಕರಿಗೆ ಒಪ್ಪಿಸಿದೆವು. “ಮೂರನೇದು?” ಎಂದು ಅವರು ಕೇಳಿದರು. ಕೀಲಿ ತಂದಾಗ ಅದರ ಜೊತೆ ಬಂದ ಮೂರನೆಯ ಕೀಲಿಕೈಯನ್ನು ಅವ್ವ ಸೊಂಟದಿಂದ ತೆಗೆದು ಕೊಟ್ಟಳು. ಇಷ್ಟು ವರ್ಷ ಅದು ಅವಳಲ್ಲೇ ಇತ್ತು, ಯಾರಿಗೂ ಕೊಡದೆ.

ಈಗ ಎಂಟು ವಾರವಾಯಿತು. ಹೊಸ ಮನೆಯಲ್ಲಿ ಸದ್ದು ಕಡಿಮೆ. ಬಡಾವಣೆಯಲ್ಲಿ ಮಗ್ಗಗಳಿಲ್ಲ, ನಾನು ಕಚೇರಿಗೆ ಹೋದ ಮೇಲೆ ಅವ್ವ ಮುಂದಿನ ಕೋಣೆಯಲ್ಲಿ ಬಾಗಿಲಿಗೆ ಎದುರಾಗಿ ಕುಳಿತಿರುತ್ತಾಳೆ. ಭಾನುವಾರ ತಲೆಸ್ನಾನ ಮುಗಿಸಿ ಕೂದಲು ಒಣಗಿಸಿಕೊಳ್ಳುತ್ತ ಕೇಳುತ್ತಾಳೆ: “ಏನ ಬರದೈತಿ ನೋಡು.” ನಾನು ಫೋನಿನಲ್ಲಿ ವಾರದ ಪಟ್ಟಿಯನ್ನು ಓದುತ್ತೇನೆ. ಬೆಳಿಗ್ಗೆ ನಾನು ಹೋದದ್ದು, ಹಾಲಿಗೆ ಅವ್ವ ಹೋಗಿ ಬಂದದ್ದು, ಸಂಜೆ ನಾನು ಬಂದದ್ದು. ಏಳು ಭಾನುವಾರಗಳಲ್ಲಿ ಬೇರೆ ಏನೂ ಇರಲಿಲ್ಲ. “ಮತ್ತ?” ಎನ್ನುತ್ತಿದ್ದಳು. “ಮತ್ತೇನಿಲ್ಲ,” ಎನ್ನುತ್ತಿದ್ದೆ.

ಎಂಟನೆಯ ಭಾನುವಾರ ಪಟ್ಟಿಯ ನಡುವೆ ಒಂದು ಕೆಂಪು ಸಾಲು ಇತ್ತು. ಮಂಗಳವಾರ, ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ, ತಪ್ಪು ಸಂಖ್ಯೆ. ಓದಬೇಕೋ ಬಿಡಬೇಕೋ ಎಂದು ತಡೆದೆ. ಅವ್ವ ನನ್ನ ಮುಖ ನೋಡಿದಳು.

“ಮಂಗಳವಾರದ್ದೇನು?” ಎಂದಳು. “ಅದು ನಾನ.”

“ನಂಬರ್ ಮರತಿದ್ದೇನು?”

“ಮರತಿರಲಿಲ್ಲ. ಸೊನ್ನಿ ಬಿಟ್ಟು ಒತ್ತಿದೆ. ಹೊರಗ ನಿಂತಾಂವಗ ಹ್ಯಾಂಗ ಅನಸ್ತೈತಿ ನೋಡೂಣು ಅಂತ.”

ಅವಳ ಒದ್ದೆ ಕೂದಲಿನಿಂದ ನೀರು ಹೊಸ ಫರಸಿ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

“ಎಷ್ಟೊತ್ತ ನಿಂತಿದ್ದಿಬೇ?”

“ಎಣಿಸಿಲ್ಲ. ಅದರಾಗ ಇರತೈತಿ ನೋಡು.”

ಇತ್ತು. ಕೆಂಪು ಸಾಲಿನ ಕೆಳಗೆ ಮುಂದಿನ ಸಾಲು, ಸರಿಯಾದ ಸಂಖ್ಯೆಯದು: ನಾಲ್ಕು ಗಂಟೆ ಮೂವತ್ತೊಂದು ನಿಮಿಷ.